ಟೈಲರಮ್ಮನ ಹತ್ತನೇ ಗುಂಡು

ಟೈಲರಮ್ಮನ ಅಂಗಡಿಗೆ ಬಟ್ಟೆ ಕೊಡಲು ಬಂದವರು ಗೋಡೆಯ ಮೇಲಿನ ಪದಕಗಳನ್ನು ನೋಡಿ, "ಯಜಮಾನ್ರದ್ದಾ?" ಎಂದು ಕೇಳುವುದು ವಾಡಿಕೆ. ಮೂಲೆಯಲ್ಲಿ ಇಸ್ತ್ರಿ ಹಾಕುತ್ತಿರುವ ಯಜಮಾನರು ತಲೆ ಎತ್ತದೆ, "ಎಡಗಡೆ ಮೂರು ಹಳೇವು ನಂದು. ಉಳಿದಿದ್ದೆಲ್ಲ ಅವಳದ್ದು," ಎನ್ನುತ್ತಾರೆ. ಬಂದವರು ಅಳತೆ ಕೊಡುವುದನ್ನೇ ಮರೆಯುತ್ತಾರೆ.

ಆ ಯಜಮಾನರನ್ನು ಬೀದಿಯವರೆಲ್ಲ ಕರೆಯುವುದು ಮಿಲಿಟರಿ ಎಂದು. ಸೈನ್ಯದಲ್ಲಿ ದೂರದ ಗುರಿ ಹೊಡೆಯುವುದನ್ನು ಕಲಿತು, ನಿವೃತ್ತರಾದ ಮೇಲೆ ಊರಾಚೆಯ ರೈಫಲ್ ಕ್ಲಬ್ಬಿನಲ್ಲಿ ಸಾವಿರ ಮೀಟರಿನ ದಾಖಲೆ ಮಾಡಿದವರು. ಹತ್ತು ಗುಂಡಿಗೆ ತೊಂಬತ್ತೇಳು ಅಂಕ. ಕ್ಲಬ್ಬಿನ ಕರಿ ಹಲಗೆಯ ಮೇಲೆ ಆ ಸಂಖ್ಯೆ ವರ್ಷಗಟ್ಟಲೆ ಅಲುಗಾಡದೆ ಕೂತಿತ್ತು. ಆಮೇಲೆ ಬಲಗಣ್ಣು ಮಂಜಾಯಿತು. ಗುರಿಗಣ್ಣೇ ಹೋದ ಮೇಲೆ ಮನುಷ್ಯ ಮಂಕಾಗಿ ಮನೆ ಹಿಡಿದರು.

ಅವರ ಜಾಕೆಟ್ಟಿನ ಮೊಣಕೈಗೆ ತೇಪೆ ಹಾಕುತ್ತಿದ್ದ ಟೈಲರಮ್ಮ ಒಂದು ದಿನ, "ಹೋಗಿರೋದು ಒಂದೇ ಕಣ್ಣಲ್ವಾ? ಇನ್ನೊಂದ್ರಲ್ಲಿ ಗಾಳಿ ನೋಡಿ ಹೇಳಿ, ನಾನು ಹೊಡೀತೀನಿ," ಎಂದಳು. ತಮಾಷೆಗೆ ಅಂದದ್ದು. ಜಾಕೆಟ್ಟನ್ನು ಬಿಚ್ಚಿ ತನ್ನ ಅಳತೆಗೆ ಹೊಲಿದುಕೊಂಡ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ.

ಈ ಆಟದಲ್ಲಿ ಟ್ರಿಗರ್ ಎಳೆಯುವವರು ಒಬ್ಬರಾದರೆ ಗಾಳಿ ಓದುವವರು ಇನ್ನೊಬ್ಬರು. ಅಷ್ಟು ದೂರ ಹೋಗುವ ಗುಂಡನ್ನು ಸಣ್ಣ ಗಾಳಿಯೂ ಮೊಳದಷ್ಟು ಪಕ್ಕಕ್ಕೆ ತಳ್ಳಿಬಿಡುತ್ತದೆ. ಹಿಂದೆ ದುರ್ಬೀನು ಹಿಡಿದು ಕೂತವರು ದೂರದ ಬಿಸಿಲ ಝಳ ಯಾವ ಕಡೆ ಹರಿಯುತ್ತಿದೆ ಎಂದು ನೋಡಿ ಹೇಳಬೇಕು. ಎಡ ಎಂದರೆ ಎಡ, ತಡಿ ಎಂದರೆ ತಡಿ. ಮನೆಯಲ್ಲಿ ಗಂಡನ ಒಂದು ಮಾತಿಗೂ ಸೊಪ್ಪು ಹಾಕದ ಟೈಲರಮ್ಮ ಅಲ್ಲಿ ಮಾತ್ರ ತುಟಿ ಪಿಟಕ್ಕೆನ್ನದೆ ಪಾಲಿಸುತ್ತಿದ್ದಳು.

ಆ ವರ್ಷದ ಪಂದ್ಯದಲ್ಲಿ ಒಂಬತ್ತು ಗುಂಡಿಗೆ ಎಂಬತ್ತೆಂಟು ಬಂದಿತ್ತು. ಕೊನೆಯದು ನಡುವಿಗೆ ಬಿದ್ದು ಹತ್ತು ಸಿಕ್ಕರೆ ತೊಂಬತ್ತೆಂಟು. ಗಂಡನ ಹೆಸರು ಹಲಗೆಯಿಂದ ಇಳಿಯುತ್ತದೆ.

"ತಡಿ," ಎಂದರು ಹಿಂದಿನಿಂದ.

ತಡೆದಳು. ಗಾಳಿ ತೋರಿಸಲು ನೆಟ್ಟ ಬಾವುಟಗಳಲ್ಲಿ ಹತ್ತಿರದ್ದು ತೂಕಡಿಸುವವರ ತಲೆಯ ಹಾಗೆ ಜೋತುಬಿದ್ದಿತ್ತು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಇಲ್ಲಿ ಗಾಳಿ ನಿಂತಾಗ ಹೊಡೆಯಬೇಕು. ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ?

"ರೀ, ಹೊಡೀಲಾ?"

"ತಡಿ ಅಂದೆ."

ಪಕ್ಕದ ಚಾಪೆಗಳಲ್ಲಿ ಬೋರಲು ಮಲಗಿದ್ದವರು ಹೊಡೆದು ಎದ್ದರು. ಗಂಟೆ ಬಾರಿಸುವುದರೊಳಗೆ ಹಾರಿಸದಿದ್ದರೆ ಆ ಗುಂಡಿಗೆ ಸೊನ್ನೆ. ಆಗ ಅವಳ ಮನಸ್ಸಿಗೆ ಬರಬಾರದ್ದು ಬಂತು. ಬೇಕೆಂದೇ ಸತಾಯಿಸುತ್ತಿದ್ದಾರಾ? ಆ ಮನುಷ್ಯನಿಗೆ ಉಳಿದಿರುವುದು ಅದೊಂದು ತೊಂಬತ್ತೇಳು. ಅದನ್ನು ಹೆಂಡತಿಗೆ ಬಿಟ್ಟುಕೊಡಲು ಯಾವ ಗಂಡಸಿಗೆ ಮನಸ್ಸು ಬಂದೀತು? ಬೆರಳು ಬಿಗಿಯಾಯಿತು. ಎಳೆದೇಬಿಡುತ್ತಿದ್ದಳು. ಅವರ ಮಾತು ಮೀರಿ ಗೆದ್ದರೆ ನಾಳೆ ಯಾವ ಮುಖ ಇಟ್ಟುಕೊಂಡು ಆ ಮನೆಯಲ್ಲಿ ಕೂತು ಮಷಿನ್ ತುಳಿಯಲಿ ಎನ್ನಿಸಿ, ಬೆರಳು ಸಡಿಲಿಸಿದಳು.

ಅಷ್ಟರಲ್ಲಿ ಗುರಿಯ ಪಕ್ಕದ ಬಾವುಟ ಪಟಪಟನೆ ಬಡಿದುಕೊಂಡಿತು. ಹತ್ತಿರ ಎಲ್ಲ ತಣ್ಣಗಿದ್ದಾಗ ದೂರದಲ್ಲಿ ಗಾಳಿ ಎದ್ದಿತ್ತು. ಅವರು ಅದನ್ನು ಬಾವುಟಕ್ಕಿಂತ ಮೊದಲೇ ಝಳದಲ್ಲಿ ಕಂಡಿದ್ದರು. ಬಾವುಟ ಮತ್ತೆ ತಗ್ಗಿತು.

"ಎಡಕ್ಕೆ ಒಂದು ಕ್ಲಿಕ್." ಅವಳು ರೈಫಲ್ಲಿನ ಗುರಿ ಸರಿಪಡಿಸುವ ತಿರುಪನ್ನು ಒಂದು ಹಲ್ಲು ತಿರುಗಿಸಿದಳು. "ಹೂಂ, ಈಗ."

ಗುಂಡು ಹೋಯಿತು. ಗುರಿಹಲಗೆ ಕೆಳಗಿಳಿದು ಮೇಲೆದ್ದಾಗ ಗುಂಡು ಬಿದ್ದ ತೂತಿಗೆ ಸಿಕ್ಕಿಸಿದ ಗುರುತಿನ ಬಿಲ್ಲೆ ನಟ್ಟನಡುವೆ ಕೂತಿತ್ತು. ಹತ್ತು.

ಜನ ಮುತ್ತಿಕೊಂಡರು. ಮಿಲಿಟರಿ ಯಾರಿಗೂ ಸಿಗದೆ ಸೀದಾ ಕ್ಲಬ್ಬಿನೊಳಗೆ ಹೋದರು. ಟೈಲರಮ್ಮ ಹಿಂದೆಯೇ ಹೋದಳು. ಅವರು ಕರಿ ಹಲಗೆಯ ಮುಂದೆ ನಿಂತು ತಮ್ಮ ತೊಂಬತ್ತೇಳನ್ನು ಅಂಗೈಯಿಂದ ಒರೆಸುತ್ತಿದ್ದರು.

"ಅಷ್ಟೊತ್ತು ತಡೆಸಿದ್ರಲ್ಲ. ನಾನು ಏನೇನೋ ಅಂದ್ಕೊಂಡ್‌ಬಿಟ್ಟೆ ಕಣ್ರೀ."

"ಅಂದ್ಕೊಂಡಿರ್ತೀಯ ಅಂತ ಗೊತ್ತಿತ್ತು." ಅವರು ನಕ್ಕರು. "ಅವತ್ತು ನನ್ನ ಹತ್ತನೇದಕ್ಕೂ ಇದೇ ಕಳ್ಳಗಾಳಿ. ಅವಸರ ಮಾಡ್ದೆ, ಎಂಟಕ್ಕೆ ಬಿತ್ತು. ಗಾಳಿ ಹೇಳೋಕೆ ಯಾರೂ ಬೇಡ ಅಂದಿದ್ದೆ, ಮಿಲಿಟರಿ ಗತ್ತು ನೋಡು. ತಡಿ ಅನ್ನೋರು ಹಿಂದೆ ಒಬ್ರೂ ಇರ್ಲಿಲ್ಲ ಕಣೇ."

ತೊಂಬತ್ತೆಂಟು ಎಂದು ದಪ್ಪಗೆ ಬರೆದು, ಪಕ್ಕದಲ್ಲಿ ಅವಳ ಹೆಸರು ಬರೆದರು. ಟೈಲರಮ್ಮ ಸೀಮೆಸುಣ್ಣ ಕಿತ್ತುಕೊಂಡು ಅದರ ಕೆಳಗೆ ಅವರ ಹೆಸರನ್ನು ಬರೆದಳು. ಆ ಹಲಗೆಯಲ್ಲಿ ಒಂದೇ ದಾಖಲೆಗೆ ಎರಡು ಹೆಸರಿರುವುದು ಇವತ್ತಿಗೂ ಅದೊಂದಕ್ಕೇ.