ಯಾರ ಮನೆಯ ಹೂವು

ಹೊಸ ಬಾಡಿಗೆ ಮನೆಗೆ ಹೋದ ಕೂಡಲೇ ಬೇರೆ ಹೆಂಗಸರು ಒಲೆ ಎಲ್ಲಿದೆ, ಬಾವಿ ಎಷ್ಟು ದೂರ ಎಂದು ನೋಡುತ್ತಾರೆ. ನಮ್ಮ ಗೋದೂಮೌಶಿ ನೆಟ್ಟಗೆ ಹೋಗಿ ಹಿತ್ತಲ ಬಾಗಿಲು ತೆರೆದು ನಿಂತುಬಿಡುತ್ತಿದ್ದಳು. ಪಾತ್ರೆಯ ಗಂಟು ಬಿಚ್ಚಿರುತ್ತಿರಲಿಲ್ಲ, ದೇವರ ಪೆಟ್ಟಿಗೆ ಚಕ್ಕಡಿಯಿಂದ ಇಳಿದಿರುತ್ತಿರಲಿಲ್ಲ. ಆಕೆಗೆ ಮಾತ್ರ ಬರಿ ಮಣ್ಣಿನ ಮೇಲೆ ಆಗಲೇ ಹೂ ಕಾಣುತ್ತಿತ್ತು. "ಅಲ್ಲಿ ಗ್ವಾಡಿಗುಂಟ ಕಣಗಲ, ಇಲ್ಲಿ ಬಚ್ಚಲ ಬಾಯಿಗೆ ಅಬ್ಬಲಗಿ" ಎಂದು ಬೆರಳು ಮಾಡಿ ತೋರಿಸುವಳು. ನಾನೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಕಲ್ಲು, ಬೂದಿ, ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿ, ಇಷ್ಟೇ ನನಗೆ ಕಾಣುತ್ತಿದ್ದದ್ದು.

ಮೌಶಿ ನಮ್ಮ ಅವ್ವನ ಅಕ್ಕ. ಆಕೆಯ ಗಂಡ ಅನಂತಕಾಕಾ ತಹಶೀಲ್ದಾರರ ಕಚೇರಿಯಲ್ಲಿ ಕಾರಕೂನ. ಎಪ್ಪತ್ತರ ದಶಕವನ್ನೆಲ್ಲ ಅವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಸುತ್ತುವುದರಲ್ಲೇ ಕಳೆದರು. ವರ್ಗಾವಣೆಯ ಹುಕುಂ ಬರುತ್ತಿದ್ದದ್ದು ಬೇಸಿಗೆಯಲ್ಲೇ, ಅದೂ ಗಿಡ ಇನ್ನೇನು ಹೂ ಬಿಡಬೇಕು ಎನ್ನುವ ಹೊತ್ತಿಗೆ. ಸರಕಾರಕ್ಕೂ ಮೌಶಿಯ ಗಿಡಗಳಿಗೂ ಏನೋ ಹಳೆಯ ಹಗೆ ಇದ್ದಿರಬೇಕೆಂದು ನನ್ನ ಗುಮಾನಿ. ಪ್ರತಿ ಬೇಸಿಗೆ ರಜೆಗೆ ನಾನು ಅವರ ಮನೆಗೆ ಹೋಗುತ್ತಿದ್ದೆ. ಗಿಡದ ಮೇಲೆ ನನಗೆ ಪ್ರೀತಿ ಅಷ್ಟಕ್ಕಷ್ಟೇ. ಮೌಶಿ ಮಾಡುವ ಮಾವಿನಕಾಯಿ ಪಾನಕದ ಮೇಲೆ ಮಾತ್ರ ಬಹಳ.

ಆ ಪಾನಕ ಚೈತ್ರಗೌರಿಯದು. ಚೈತ್ರದ ತದಿಗೆಯಿಂದ ಅಕ್ಷಯ ತದಿಗೆಯವರೆಗೆ ಗೌರಿಯನ್ನು ಪುಟ್ಟ ಜೋಕಾಲಿಯಲ್ಲಿ ಕೂಡಿಸಿ, ಒಂದು ದಿನ ಓಣಿಯ ಮುತ್ತೈದೆಯರನ್ನು ಅರಿಷಿಣ ಕುಂಕುಮಕ್ಕೆ ಕರೆದು, ನೆನೆದ ಕಡಲೆಯಿಂದ ಉಡಿ ತುಂಬುವ ಪದ್ಧತಿ ನಮ್ಮವರಲ್ಲಿ. ಗೌರಿಗೆ ಹೂ ಬೇಕು. ನಮ್ಮ ಕಡೆಯ ಚೈತ್ರದಲ್ಲಿ ಹೂ ಎಲ್ಲಿಂದ ಬರಬೇಕು? ಬಾವಿಯ ನೀರು ತಳ ಕಂಡಿರುತ್ತಿತ್ತು, ಕುಡಿಯುವ ಕೊಡಕ್ಕೇ ಪಾಳಿ. ಮೌಶಿ ಬಟ್ಟಲು ಹಿಡಿದು ತೋಟವಿದ್ದವರ ಮನೆ ಮನೆ ತಿರುಗಿ ನಾಲ್ಕು ಹೂ ಕೇಳಿ ತರುತ್ತಿದ್ದಳು. ತಂದು ಹೊಸ್ತಿಲು ದಾಟುವಾಗ ಪಡಸಾಲೆಯಿಂದ ಆಕೆಯ ಅತ್ತೆ ಅಂಬಕ್ಕನವರ ಪ್ರಶ್ನೆ ಬರುತ್ತಿತ್ತು.

"ಯಾರ ಮನೀವ ಗೋದೂ?"

"ದೇಸಾಯರ ಮನೀವರಿ."

"ಹೂಂ."

ಅಷ್ಟೇ. ಬೈಗುಳವಿಲ್ಲ. ಆದರೆ ಅಂಬಕ್ಕನವರು ಆ ಹೂವನ್ನು ಕೈಯಲ್ಲಿ ಹಿಡಿಯುತ್ತಿರಲಿಲ್ಲ, "ಅಲ್ಲಿಡು" ಎನ್ನುತ್ತಿದ್ದರು. ಗಂಡ ಇದ್ದಾಗ ಅವರ ಸ್ವಂತ ಹಿತ್ತಲಿತ್ತಂತೆ, ಗೌರಿಗೆ ಹೊರಗಿನ ಹೂ ಏರಿಸಿದವರೇ ಅಲ್ಲವಂತೆ. ಆ "ಹೂಂ" ಮೌಶಿಯನ್ನು ವರ್ಷವಿಡೀ ಚುಚ್ಚುತ್ತಿತ್ತು. ಒಮ್ಮೆಯಾದರೂ ತನ್ನ ಅಂಗಳದ ಹೂವಿನಲ್ಲಿ ಗೌರಿಯನ್ನು ಕೂಡಿಸಬೇಕು, ಅತ್ತೆ ಅದನ್ನು ಕೈಯಲ್ಲಿ ಹಿಡಿಯಬೇಕು. ಆಕೆಗೆ ಬೇಕಾದದ್ದು ಇಷ್ಟೇ.

ಇಂಡಿಯಲ್ಲಿ ಆಕೆ ಗುಲಾಬಿ ಹಚ್ಚಿದಳು. ಕೂಸಿಗೆ ಎರೆದಂತೆ ಒಂದೊಂದೇ ತಂಬಿಗೆ ಎರೆದಳು. ಮೊಗ್ಗು ಬಂದವು, ಹಿಂದೆಯೇ ಹುಕುಮೂ ಬಂತು. ಆರು ತಿಂಗಳಾದ ಮೇಲೆ ಯಾರದೋ ಮುಂಜಿಗೆ ಇಂಡಿಗೆ ಹೋದವಳು ಆಸೆ ತಡೆಯದೆ ಹಳೆಯ ಮನೆಯ ಹಿತ್ತಲಲ್ಲಿ ಹಣಿಕಿದಳು. ಒಣಗಿದ ಮುಳ್ಳುಕಡ್ಡಿಗಳು ನಿಂತಿದ್ದವು, ಅವುಗಳ ಮೇಲೆ ಯಾರೋ ಲಂಗೋಟಿ ಒಣಹಾಕಿದ್ದರು. ಮುಂಜಿಯ ಊಟ ಬಿಟ್ಟು ಬಂದು ಅತ್ತಳು. ಅಂದೇ ಎರಡು ನಿಯಮ ಮಾಡಿಕೊಂಡಳು. ತಾನಿಲ್ಲದಿದ್ದರೂ ಬದುಕುವ ಗಿಡವನ್ನಷ್ಟೇ ಹಚ್ಚಬೇಕು. ಬಿಟ್ಟುಬಂದ ಅಂಗಳವನ್ನು ತಿರುಗಿ ನೋಡಬಾರದು.

ಸಿಂದಗಿಯಲ್ಲಿ ಗಿಡಗಳ ಪರೀಕ್ಷೆ ಶುರುವಾಯಿತು. ಒಂದು ಗಿಡ ಹಚ್ಚಿ, ಅದು ಚಿಗುರಿದ ಮೇಲೆ ಬೇಕೆಂದೇ ನೀರು ನಿಲ್ಲಿಸುವಳು, ಅದರ ಕಡೆ ಮುಖ ಕೂಡ ಮಾಡುತ್ತಿರಲಿಲ್ಲ. "ನೋಡಿದ್ರ ಅದಕ್ಕ ಸಲಗಿ ಬರ್ತದ" ಎನ್ನುವಳು. ನಾನು ನಕ್ಕರೆ ಸಿಟ್ಟಾಗುವಳು. ಶೇವಂತಿಗೆ ಮೂರನೇ ದಿನಕ್ಕೇ ಗೋಣು ಚೆಲ್ಲಿತು. ದಾಸವಾಳ ಸ್ವಲ್ಪ ಹಟ ಮಾಡಿ ಸೋತಿತು. ಆಡು ಮೂಸಿ ಮುಖ ತಿರುಗಿಸುವ ಕಣಗಿಲೆ ಗೆದ್ದಿತು. ಸದಾಫುಲಿ, ಅದೇ ನಿತ್ಯಪುಷ್ಪ, ಗೆದ್ದಿತು, ಕಲ್ಲುಸಂದಿಯಲ್ಲೂ ನಕ್ಕಿತು. ಬೆಳಗಿನ ಮಬ್ಬಿನಲ್ಲಿ ಎದ್ದು ನೋಡಿದರೆ ಬಚ್ಚಲ ಕಾಲುವೆಯ ಗುಂಟ ಬಿಳಿ, ಗುಲಾಬಿ ಬಣ್ಣಗಳು ನಿದ್ದೆಗಣ್ಣಿನಲ್ಲಿ ತೇಲಿದಂತಿರುತ್ತಿದ್ದವು. ಗಿಡ ಬೇಡವೆನ್ನುವ ನಾನೂ ಅಲ್ಲಿ ಹಲ್ಲುಜ್ಜುತ್ತ ಬಹಳ ಹೊತ್ತು ನಿಲ್ಲುತ್ತಿದ್ದೆ.

ಗೌರಿಯ ದಿನ ಮೌಶಿ ಬುಟ್ಟಿ ತುಂಬ ಕಣಗಿಲೆ ಬಿಡಿಸಿ ಒಳಗೆ ತಂದಳು. ಅಂಬಕ್ಕನವರು ಕೇಳಿದರು, "ಯಾರ ಮನೀವ?"

"ನಮ್ಮ ಹಿತ್ತಲದಾವರಿ" ಎಂದಳು ಮೌಶಿ. ಮುಖ ಅರಳಿತ್ತು.

"ಯಾ ನೀರು ಹಾಕೀದಿ?"

ಮೌಶಿ ಬುಟ್ಟಿ ಕೆಳಗಿಟ್ಟಳು. ಮೈ ತೊಳೆದ ನೀರು, ಮುಸುರೆ ನೀರು ಅಲ್ಲದೆ ಬೇಸಿಗೆಯಲ್ಲಿ ಗಿಡಕ್ಕೆ ಬೇರೆ ನೀರೆಲ್ಲಿ?

"ಬಚ್ಚಲ ನೀರು ಕುಡದ ಹೂವು ನೀ ಮುಡಕೋ. ದೇವರಿಗೆ ಬ್ಯಾಡ" ಎಂದರು ಅಂಬಕ್ಕನವರು. ಮೌಶಿ ಬಟ್ಟಲು ಹಿಡಿದು ಮತ್ತೆ ದೇಸಾಯರಂಥವರ ಮನೆ ಹುಡುಕಿಕೊಂಡು ಹೋದಳು. ನನಗೆ ಅಂಬಕ್ಕನವರ ಮೇಲೆ ಬಂದ ಸಿಟ್ಟು ಎಷ್ಟೆಂದರೆ ಆ ದಿನ ಪಾನಕ ಕುಡಿಯಲಿಲ್ಲ. ಸಂಜೆ ಕುಡಿದೆ.

ಹೀಗಾಗಿ ಮೌಶಿ ಹುಡುಕಬೇಕಾದದ್ದು ನೀರನ್ನೇ ಕೇಳದ ಹೂವು ಎಂದಾಯಿತು. ಅದು ಸಿಕ್ಕಿದ್ದು ಪಕ್ಕದ ಮನೆಯ ಅಬಿದಾ ಕಡೆಯಿಂದ. ಅಬಿದಾಳ ಗಂಡ ಇಬ್ರಾಹಿಂಸಾಬ ಊರ ಹೊರಗಿನ ದರ್ಗಾದ ಕಸ ಗುಡಿಸಿ ದೀಪ ಹಚ್ಚುತ್ತಿದ್ದ. ಒಂದು ಮಧ್ಯಾಹ್ನ ಅಬಿದಾ ಅಲ್ಲಿಂದ ಬರುವಾಗ ಸೆರಗಿನಲ್ಲಿ ಹೂ ತಂದಿದ್ದಳು. ಬಿಳಿ ಎಸಳು, ನಡುವೆ ಅರಿಷಿಣ ಬಣ್ಣ. ಬಿಸಿಲಿಗೆ ಓಣಿಯ ನಾಯಿ ಕೂಡ ನಾಲಿಗೆ ಚಾಚಿ ಮಲಗಿದ್ದ ಹೊತ್ತಿನಲ್ಲಿ ಆ ಹೂ ಆಗ ತಾನೇ ಎದ್ದು ಬಂದಂತೆ ತಂಪಾಗಿತ್ತು.

"ಇದಕ್ಕ ನೀರು ಯಾರು ಹಾಕ್ತಾರ ಅಬಿದಾ?"

"ಯಾರ್ ಹಾಕ್ತಾರ್ರೀ ಬಾಯಾರ? ಎಲಿ ಸೈತ ಇಲ್ಲ, ಬರೇ ಟೊಂಗಿ. ಬ್ಯಾಸಿಗಿ ಬಂತಂದ್ರ ಹೂ ಬಿಡ್ತೈತಿ. ದೇವಕಣಗಲ ಐತಿ ಅದು."

ಮರುದಿನ ಅಬಿದಾ ಮೊಳದುದ್ದದ ಟೊಂಗೆ ತಂದುಕೊಟ್ಟಳು. ತುದಿಯಲ್ಲಿ ಹಾಲು ಒಸರುತ್ತಿತ್ತು. ಒಂದು ವಾರ ಮೂಲೆಯಲ್ಲಿ ಒಣಗಲು ಬಿಟ್ಟು ಆಮೇಲೆ ಹಚ್ಚಬೇಕು, ಹಚ್ಚಿದ ಮೇಲೆ ಮರೆತುಬಿಡಬೇಕು ಎಂದಳು. ಮೂಲೆಯಲ್ಲಿದ್ದ ಟೊಂಗೆಯನ್ನು ಅಂಬಕ್ಕನವರು ನೋಡಿದರು.

"ಎಲ್ಲಿಂದ ಬಂತು?"

"ಅಬಿದಾ ಕೊಟ್ಟಾಳರಿ."

"ಅಬಿದಾ ಎಲ್ಲಿಂದ..." ಎಂದು ಶುರು ಮಾಡಿದ ಅಂಬಕ್ಕನವರು ಅಲ್ಲಿಗೇ ನಿಲ್ಲಿಸಿ ಜಪದ ಮಣಿ ಕೈಗೆತ್ತಿಕೊಂಡರು. ಗೋರಿಯ ಮೇಲಿನ ಗಿಡ ಮನೆಯಲ್ಲಿ ಹಚ್ಚಬಾರದೆಂದು ಹೇಳುವವರಲ್ಲಿ ಅವರೂ ಒಬ್ಬರು. ಕೇಳಿದರೆ ಉತ್ತರ ಬರುತ್ತದೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ನನಗೆ ಅವರ ಮೇಲಿನ ಸಿಟ್ಟು ಅರ್ಧ ಇಳಿದದ್ದು ಆ ದಿನ.

ಟೊಂಗೆ ಚಿಗುರುವಷ್ಟರಲ್ಲಿ ಮುದ್ದೇಬಿಹಾಳಕ್ಕೆ ವರ್ಗ. ಮೌಶಿ ಈ ಸಲ ಅಳಲಿಲ್ಲ. ಚಿಗುರುತ್ತಿದ್ದ ಆ ಟೊಂಗೆಯನ್ನೇ ಕಿತ್ತು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಕಿಟಕಿಯಿಂದ ಬಿಸಿ ಗಾಳಿ, ಹೊರಗೆ ಬಿರುಕು ಬಿಟ್ಟ ಕರಿ ಹೊಲ, ದೂರದಲ್ಲಿ ನೀರಿನಂತೆ ಹೊಳೆಯುವ ಬಿಸಿಲುಗುದುರೆ. ಮೌಶಿ ತೂಕಡಿಸುತ್ತ ಒಂದು ಕನಸು ಹೇಳಿದಳು. ಕನಸಿನಲ್ಲಿ ಇಂಡಿಯ ಹಿತ್ತಲ ಬಾಗಿಲು ತೆಗೆದರೆ ಸಿಂದಗಿಯ ಅಂಗಳ ಬರುತ್ತದೆಯಂತೆ. ಅದರ ಗೋಡೆ ದಾಟಿದರೆ ಇನ್ನೂ ನೋಡದ ಯಾವುದೋ ಊರಿನ ಹಿತ್ತಲು. ಎಲ್ಲಾ ಒಂದೇ ತೋಟವಂತೆ. ಆಕೆ ಕೈಬೀಸಿಕೊಂಡು ಸುಮ್ಮನೆ ನಡೆಯುತ್ತಾಳಂತೆ, ಯಾವ ಗಿಡಕ್ಕೂ ಏನೂ ಬೇಕಿಲ್ಲವಂತೆ. "ಒಂದ ಹೂವೂ ನನ್ನ ಗುರ್ತು ಹಿಡೀಲಿಲ್ಲ ನೋಡು" ಎಂದಳು. ಅದು ಸಂತೋಷವೋ ದುಃಖವೋ ಎಂದು ಕೇಳುವಷ್ಟರಲ್ಲಿ ಮತ್ತೆ ನಿದ್ದೆ ಹೋಗಿದ್ದಳು. ಮಡಿಲಿನ ಟೊಂಗೆ ಮಾತ್ರ ಗಟ್ಟಿಯಾಗಿ ಹಿಡಿದಿದ್ದಳು.

ಮುದ್ದೇಬಿಹಾಳದ ಮನೆಯಲ್ಲಿ ಬಚ್ಚಲಿಗೆ ದೂರ, ಪಡುವಣ ಗೋಡೆಯ ಹತ್ತಿರ ಅದನ್ನು ನೆಟ್ಟಳು. ಒಂದು ಹನಿ ಹಾಕಲಿಲ್ಲ. ಎರಡು ಮಳೆಗಾಲದಲ್ಲಿ ಅದು ಗೋಡೆಯೆತ್ತರ ಬಂತು. ಮೂರನೇ ಬೇಸಿಗೆಗೆ ಬೋಳು ಕೊಂಬೆಯ ತುದಿಯಲ್ಲಿ ಮೊಗ್ಗಿನ ಗೊಂಚಲು ಕಟ್ಟಿತು. ಗೌರಿ ಕೂಡುವ ಮೊದಲೇ ಬಾಗೇವಾಡಿಗೆ ಹುಕುಂ. ಹೊರಡುವಾಗ ಆ ಮೊಗ್ಗಿನ ಕೊಂಬೆ ಮುರಿಯಲು ಆಕೆಗೆ ಮನಸ್ಸಾಗಲಿಲ್ಲ, ಪಕ್ಕದ ಸಣ್ಣ ಟೊಂಗೆ ತೆಗೆದುಕೊಂಡಳು.

ಬಾಗೇವಾಡಿಯ ಮನೆಯ ಅಂಗಳಕ್ಕೆಲ್ಲ ಪರಸಿ ಕಲ್ಲು ಹಾಸಿತ್ತು, ನೆಡಲು ಮಣ್ಣೇ ಇಲ್ಲ. ಟೊಂಗೆ ಸೀಮೆಎಣ್ಣೆಯ ಡಬ್ಬಿಯಲ್ಲಿ ಮೂರು ವರ್ಷ ಉಳಿಯಿತು. ಸಾಯಲೂ ಇಲ್ಲ, ಹೂ ಬಿಡಲೂ ಇಲ್ಲ. ಆ ವರ್ಷಗಳಲ್ಲಿ ಅಂಬಕ್ಕನವರ ಕಣ್ಣು ಮಬ್ಬಾದವು. ಎಪ್ಪತ್ತೊಂಬತ್ತರಲ್ಲಿ ಕಾಕಾಗೆ ತಿರುಗಿ ಮುದ್ದೇಬಿಹಾಳಕ್ಕೇ ವರ್ಗವಾಯಿತು. ಲಾರಿಯಲ್ಲಿ ಡಬ್ಬಿ ಬೀಸುಕಲ್ಲಿನ ಕೆಳಗೆ ಸಿಕ್ಕು ಗಿಡ ಬುಡಸಮೇತ ಜಜ್ಜಿಹೋಯಿತು. ಮೌಶಿ ಅದನ್ನು ನೋಡಿ ದೇವರ ಪೆಟ್ಟಿಗೆ ಇಳಿಸಿಕೊಂಡಳು. ಜೀವನದಲ್ಲಿ ಮೊದಲ ಸಲ ಹೊಸ ಮನೆಯ ಹಿತ್ತಲ ಬಾಗಿಲು ತೆರೆಯಲಿಲ್ಲ.

"ಈ ಸಲ ಗೌರಿ ಛಂದ ಆಗಲಿ ಗೋದೂ. ಮುಂದಿನ ಚೈತ್ರಕ್ಕ ನಾ ಇರ್ತೇನೋ ಇಲ್ಲೋ" ಎಂದರು ಅಂಬಕ್ಕನವರು.

ಹಳೆಯ ಮನೆ ಅದೇ ಊರಿನಲ್ಲಿ ಎರಡು ಓಣಿ ಆಚೆ ಇತ್ತು. ಮೌಶಿ ಆ ಕಡೆ ಹೋಗುತ್ತಿರಲಿಲ್ಲ. ಸಂತೆಗೂ ಸುತ್ತು ಹಾಕಿ ಹೋಗುತ್ತಿದ್ದಳು. ಇಂಡಿಯ ಒಣಕಡ್ಡಿಗಳು ಆಕೆಯ ಕಣ್ಣಿನಿಂದ ಹೋಗಿರಲಿಲ್ಲ. ಆದರೆ ಕುಂಕುಮಕ್ಕೆ ಕರೆದರೆ ಒಲ್ಲೆ ಅನ್ನುವಂತಿಲ್ಲವಲ್ಲ. ನಮ್ಮ ಮನೆಯ ಗೌರಿಯ ದಿನವೇ ಬೆಳಿಗ್ಗೆ ಕರೆ ಬಂತು, ಅದೇ ಮನೆಯಿಂದ. ಈಗ ಅಲ್ಲಿ ಇದ್ದವರು ಹೈಸ್ಕೂಲ ಮಾಸ್ತರರೊಬ್ಬರು, ಅವರ ಹೆಂಡತಿ ಸಾವಿತ್ರೀಬಾಯಿ. ಹಿಂದೆ ಆ ಮನೆಯಲ್ಲಿದ್ದವಳು ಮೌಶಿಯೇ ಎಂದು ಅವರಿಗೆ ಗೊತ್ತಿರಲಿಲ್ಲ.

ಮೌಶಿ ತಲೆ ತಗ್ಗಿಸಿಕೊಂಡೇ ಒಳಗೆ ಹೋದಳು. ಮೊದಲು ಬಂದದ್ದು ವಾಸನೆ. ಮಬ್ಬುಗತ್ತಲೆಯ ನಡುಮನೆಯಲ್ಲಿ ಜೋಕಾಲಿ ಮೆಲ್ಲಗೆ ತೂಗುತ್ತಿತ್ತು. ಅದರ ತುಂಬ, ಕೆಳಗೆ ಹಾಸಿದ ಜಮಖಾನದ ಮೇಲೆ, ಬಾಗಿಲ ಇಬ್ಬದಿಗೆ, ಎಲ್ಲಿ ನೋಡಿದರೂ ಬಿಳಿ ಎಸಳು, ನಡುವೆ ಅರಿಷಿಣ. ತೆರೆದ ಹಿತ್ತಲ ಬಾಗಿಲಿನಾಚೆ ಗೋಡೆಯನ್ನು ಮೀರಿ ಬೆಳೆದ ಗಿಡ ಎಲೆಯಿಲ್ಲದೆ ಹೂವನ್ನಷ್ಟೇ ಹೊತ್ತು ಉರಿಬಿಸಿಲಲ್ಲಿ ನಿಂತಿತ್ತು.

"ಎಷ್ಟು ಛಂದ ಬಿಟ್ಟಾವ" ಎಂದು ಯಾರೋ ಅಂದರು.

"ಯಾರು ಹಚ್ಚಿದ್ರೋ ಏನೋರಿ. ಹಿಂದ ಯಾರೋ ಕಾರಕೂನರು ಇದ್ರಂತ, ಅವರ ಮನ್ಯಾಕಿ ಇರಬೇಕು" ಎಂದರು ಸಾವಿತ್ರೀಬಾಯಿ. "ನಾವಂತೂ ಒಂದು ತಂಬಿಗಿ ನೀರು ಹಾಕಿಲ್ಲ. ತನ್ನಷ್ಟಕ್ಕ ತಾನ ಅದ."

ನನ್ನ ಬಾಯಿ ತೆರೆಯಿತು. ಮೌಶಿ ನನ್ನ ಮಣಿಕಟ್ಟನ್ನು ಒತ್ತಿ ಹಿಡಿದಳು. ಕುಂಕುಮ ಹಚ್ಚಿಸಿಕೊಂಡಳು, ಪಾನಕ ಕುಡಿದಳು, ನೆನೆಗಡಲೆಗೆ ಉಡಿ ಚಾಚಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ನಮ್ಮ ಗೌರೀಗೂ ನಾಕು ಹೂ ಕೊಡ್ತೀರೇನ್ರಿ? ಒಂದು ಟೊಂಗೀನೂ?"

ಸಾವಿತ್ರೀಬಾಯಿ ಧಾರಾಳದ ಹೆಂಗಸು. ಉಡಿ ತುಂಬಿ ಚೆಲ್ಲುವಷ್ಟು ಹೂ ಸುರಿದರು. ಟೊಂಗೆ ಮುರಿದು ಕೊಡುತ್ತ, "ಒಂದು ವಾರ ಒಣಗಿಸಿ ಆಮ್ಯಾಲ ಹಚ್ಚರಿ, ಭಾಳ ಜೋಪಾನ ಮಾಡಬ್ಯಾಡ್ರಿ" ಎಂದು ಬುದ್ಧಿ ಹೇಳಿದರು. ಮೌಶಿ ಹೊಸದಾಗಿ ಕಲಿಯುವವಳಂತೆ "ಹೂಂನ್ರಿ, ಹೂಂನ್ರಿ" ಎಂದು ತಲೆಯಾಡಿಸಿದಳು. ದಾರಿಯುದ್ದಕ್ಕೂ ಅತ್ತಳು.

ಹೊಸ್ತಿಲು ದಾಟುವಾಗ ಅಂಬಕ್ಕನವರು ಪಡಸಾಲೆಯಲ್ಲಿ ಮುಖ ಎತ್ತಿದರು. ಕಣ್ಣು ಕಾಣದಿದ್ದರೂ ವಾಸನೆ ಹತ್ತಿರ ಬಂದಿತ್ತು.

"ಯಾರ ಮನೀವ ಗೋದೂ?"

ಮೌಶಿ ಉಡಿ ಹಿಡಿದು ಅಲ್ಲೇ ನಿಂತಳು.

"ನಮ್ಮ ಮನೀವರಿ."

ಯಾವ ನೀರು ಹಾಕಿದ್ದಿ ಎಂದು ಅಂಬಕ್ಕನವರು ಕೇಳಲಿಲ್ಲ. ಕೈ ಚಾಚಿದರು.

"ಹಂಗಾರ ಒಂದು ಇಲ್ಲೆ ಕೊಡು, ನನ್ನ ಕೈಯಾಗ."