ಚೌಡವ್ವ ಕಾವಲಿದ್ದ ಜೋಡಿ

ಕುಪ್ಪೇಲೂರಿನ ಚೌಡವ್ವ ತನ್ನ ಎತ್ತುಗಳಿಗೆ ಪರವೂರಿನ ನೀರು ಕುಡಿಸುತ್ತಿರಲಿಲ್ಲ. ಎತ್ತು ಹೂಡಿ ಖಾಲಿ ಗಾಡಾ, ಅಂದರೆ ಚಕ್ಕಡಿ, ಓಡಿಸುವ ಶರ್ಯತ್ತು ಯಾವ ಊರಲ್ಲೇ ಇರಲಿ, ಗಾಡಾದಲ್ಲಿ ಮನೆಯ ಎರಡು ಕ್ಯಾನು ನೀರು, ಒಂದು ಚೀಲ ಹೊಟ್ಟು, ಅದರ ಮೇಲೆ ಚೌಡವ್ವ. ಜನ ನಗುತ್ತಿದ್ದರು. ಏಳು ವರ್ಷದ ಹಿಂದೆ ಇಂಥದೇ ಬಯಲಿನಲ್ಲಿ ಯಾರೋ ಅಕ್ಕರೆಯಿಂದ ಬೆಲ್ಲದುಂಡೆ ತಿನ್ನಿಸಿ ಹೋಗಿದ್ದರು; ಅವಳ ಎತ್ತು ನೊರೆ ಕಾರಿ ಸತ್ತಿತ್ತು. ತಿನ್ನಿಸಿದವರು ಯಾರೆಂದು ತಿಳಿಯಲಿಲ್ಲ. ತಿಳಿಯದ್ದಕ್ಕೇ ಅವಳಿಗೆ ಎಲ್ಲರ ಮೇಲೂ ಅನುಮಾನ.

ಈಗಿನ ಜೋಡಿಯನ್ನು ಕರುಗಳಾಗಿದ್ದಾಗಿನಿಂದ ಸಾಕಿದವಳು ಅವಳೇ. ಬೆಳಿಗ್ಗೆ ಮೈಲಾರಲಿಂಗನ ಭಂಡಾರದ ಅರಿಶಿನ ಮೊದಲು ಅವುಗಳ ಹಣೆಗೆ, ಆಮೇಲೆ ತನ್ನ ಹಣೆಗೆ. ಆದರೆ 2006ರ ಹಾವೇರಿ ಶರ್ಯತ್ತಿಗೆ ಮುಂಚೆ ಗಂಡ ಮೈಲಾರಪ್ಪ ಅವಳನ್ನು ಕೇಳದೆಯೇ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನಿಗೆ ಮಾತು ಕೊಟ್ಟುಬಿಟ್ಟಿದ್ದ. ಜೋಡಿ ಮೊದಲನೇ ನಂಬರು ಬಂದರೆ ಮನೆಯಲ್ಲೇ ಉಳಿಯುತ್ತದೆ, ಬರದಿದ್ದರೆ ಅವನಿಗೆ ಮಾರಾಟವಾಗಿ ಬ್ಯಾಡಗಿಗೆ ಹೋಗುತ್ತದೆ.

ಶರ್ಯತ್ತು ಎರಡು ದಿನದ್ದು. ಸೀಟಿ ಊದಿದಾಗ ಬಿಟ್ಟ ಗಾಡಾ, ಒಂದು ನಿಮಿಷಕ್ಕೆ ಮತ್ತೆ ಸೀಟಿ ಊದುವ ಹೊತ್ತಿಗೆ ಎಲ್ಲಿರುತ್ತದೋ ಅಲ್ಲಿಗೆ ಸುಣ್ಣದ ಗೆರೆ. ಟೇಪು ಹಿಡಿದು ಅಡಿ ಅಳೆಯುತ್ತಾರೆ. ಶನಿವಾರ ಮಗ ಮೈಲೇಶ ಓಡಿಸಿದ. ಐವತ್ತು ಜೋಡಿಗಳಲ್ಲಿ ಇವರದೇ ಎಲ್ಲಕ್ಕಿಂತ ಮುಂದೆ. ಭಾನುವಾರ ಮೊದಲ ಹತ್ತು ಜೋಡಿಗಳ ಕೊನೆಯ ಓಟ.

ಶನಿವಾರ ಸಂಜೆ ಚೌಡವ್ವನ ಕಣ್ಣಿಗೆ ಬಿದ್ದದ್ದು ಬೇರೆಯೇ. ಗಾಲಿ ಮೇಸ್ತ್ರಿ ಹಜರತಅಲಿ ಪ್ರಭುಲಿಂಗಪ್ಪನ ಜೊತೆ ಚಹಾ ಕುಡಿಯುತ್ತ ನಗುತ್ತಿದ್ದ. ನಕ್ಕು, ಇಬ್ಬರೂ ಅವಳ ಜೋಡಿಯ ಕಡೆ ನೋಡಿದರು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಹೊಸ ಡಬ್ಬಿ ಹಿಡಿದು ಬಂದ. ಗಾಲಿ ಕಳಚಿ ಅಚ್ಚಿಗೆ ಕೀಲೆಣ್ಣೆ ಬಳಿಯತೊಡಗಿದ.

"ಮೇಸ್ತ್ರಿ, ಇದೇನ ಹಳದಿ ಐತಿ? ಯಾವಾಗ್ಲೂ ಕರೇದ ಹಚ್ಚತಿದ್ದಿ."

"ಗ್ರೀಸಿಗೆ ಔಡಲೆಣ್ಣಿ ಕಲಿಸೇನಿ ಅಕ್ಕಾ. ಗಾಲಿ ಹಕ್ಕಿ ಹಾರಿದಂಗ ಹೋಗ್ತಾವ."

"ಗ್ರೀಸ್ ಯಾರು ಕೊಟ್ರು?"

"ಬ್ಯಾಡಗಿ ಸಾವಕಾರ್ರು. ಹತ್ತೂ ಗಾಡಾಕ್ಕ ಹಚ್ಚಂದಾರ."

"ಅವರಿಗ್ಯಾಕ ನಮ್ಮ ಗಾಲಿ ಉಸಾಬರಿ?"

"ನಿನ್ನ ಅನುಮಾನಕ್ಕ ಔಷಧಿಲ್ಲ ನೋಡಕ್ಕಾ. ಬೇಕಾರ ನೆಕ್ಕಿ ತೋರಿಸ್ಲೇನು?"

"ನೆಕ್ಕು."

ಹಜರತಅಲಿ ನಗುತ್ತ ಮುಂದಿನ ಗಾಡಾಕ್ಕೆ ಹೋದ. ನೆಕ್ಕಲಿಲ್ಲ. ಚೌಡವ್ವನಿಗೆ ಅಷ್ಟೇ ಸಾಕಾಯಿತು.

ಗಂಡ, ಮಗ ಎತ್ತುಗಳ ಮೈ ತೊಳೆಯಲು ಹೋದಾಗ ಅವಳು ಗಾಡಾಕ್ಕೆ ಊರುಗೋಲು ಕೊಟ್ಟು, ಗಾಲಿಗಳನ್ನು ಒಂದು ಗೇಣು ಹೊರಗೆಳೆದು, ಹಳೇ ಸೀರೆಯ ತುಂಡಿಗೆ ಬೂದಿ ಹಚ್ಚಿ ಅಚ್ಚು ತಿಕ್ಕಿದಳು. ಒಂದು ಹನಿ ಹಳದಿ ಉಳಿಯಲಿಲ್ಲ. ಕರಿ ಕೀಲೆಣ್ಣೆ ಮನೆಯಲ್ಲೇ ಉಳಿದಿತ್ತು. ದೇವರ ದೀಪಕ್ಕೆಂದು ತಂದ ಎಣ್ಣೆಯನ್ನೇ ನಾಲ್ಕು ಹನಿ ಬಿಟ್ಟು ಕೈಮುಗಿದಳು. ಒಂದು ನಿಮಿಷದ ಓಟ, ದೇವರ ಎಣ್ಣೆ, ಸಾಲದೆ?

ಸಾಲಲಿಲ್ಲ. ಅರ್ಧ ದಾರಿಗೆ ಬಲಗಾಲಿ ಕಿರ್ರೆಂದು ಚೀರಿತು. ಸದ್ದಿಗೆ ಬೆಚ್ಚಿದ ಎತ್ತುಗಳು ಹೆಜ್ಜೆ ತಪ್ಪಿಸಿದವು. ಮೊದಲು ಬಂದ ಜೋಡಿಗಿಂತ ಒಂಬತ್ತು ಅಡಿ ಕಡಿಮೆ. ಎರಡನೇ ನಂಬರು.

ಮೈಲೇಶ ಗಾಲಿ ಕಿತ್ತು ನೋಡಿದ. "ಅಪ್ಪಾ, ಅಚ್ಚು ಒಣಗಿ ಹೋಗೈತಿ. ಯಾರೋ ಒರಿಸ್ಯಾರ!"

ಜನ ಕೂಡಿದರು. ಯಾರೋ ಮೇಸ್ತ್ರಿಯ ಅಂಗಿ ಹಿಡಿದರು. "ಸಾವಕಾರ ಎಷ್ಟ ಚಾ ಕುಡಿಸಿದ್ನಲೇ?"

"ಹತ್ತೂ ಗಾಡಾಕ್ಕ ಅದ ಗ್ರೀಸ್ ಹಚ್ಯಾನಪಾ," ಪ್ರಭುಲಿಂಗಪ್ಪನ ಮುಖ ಬಿಳಚಿತು. "ಬ್ಯಾರೇವು ಚೀರಿದ್ವೇನು?"

ಶರ್ಯತ್ತಿನ ತೀರ್ಪು ಕೊಡುವ ಪಂಚರ ಹಿರಿಯ ವಿರೂಪಾಕ್ಷಪ್ಪ ಕೈ ಎತ್ತಿದ. "ಮೋಸ ಖರೇ ಆದ್ರ ಈ ಜೋಡಿ ಮತ್ತೊಮ್ಮೆ ಓಡಲಿ. ಮೇಸ್ತ್ರಿ ಇನ್ನ ಮುಂದ ಯಾವ ಬಯಲಿನ್ಯಾಗೂ ಗಾಲಿ ಮುಟ್ಟಬಾರದು."

ಮತ್ತೊಮ್ಮೆ ಓಡಿದರೆ ಜೋಡಿ ಗೆಲ್ಲುತ್ತದೆ. ಚೌಡವ್ವನಿಗೆ ಅದು ಗೊತ್ತಿತ್ತು. ಸುಮ್ಮನಿದ್ದರೆ ಸಾಕು, ಎತ್ತು ಅವಳವೇ. ಹಜರತಅಲಿ ಗುಂಪಿನ ನಡುವಿನಿಂದ ಅವಳನ್ನೇ ನೋಡುತ್ತಿದ್ದ. "ಅಕ್ಕಾ, ನಿನ್ನ ಮುಂದನ ಹಚ್ಚೇನಿ. ನೀನರ ಹೇಳು."

ಬೆಲ್ಲ ತಿನ್ನಿಸಿದವರೂ ಅಂದು ಹೀಗೇ ಗುಂಪಿನಲ್ಲಿ ಸುಮ್ಮನೆ ನಿಂತಿದ್ದಿರಬೇಕು ಎಂದು ಅವಳಿಗೆ ಅನ್ನಿಸಿತು.

"ಅವನ ಅಂಗಿ ಬಿಡ್ರಿ," ಅಂದಳು. "ಒರಿಸಿದಾಕಿ ನಾನ."

"ಬೆಂಕಿ ಬೀಳಲಿ ನಿನ್ನ ಬುದ್ಧಿಗೆ!" ಮೈಲಾರಪ್ಪ ತಲೆಗೆ ಕೈಹಚ್ಚಿ ಕುಳಿತ. ಮೇಸ್ತ್ರಿ ಅಂಗಿ ಸರಿಮಾಡಿಕೊಂಡು, ತನ್ನ ಡಬ್ಬಿ ಎತ್ತಿಕೊಂಡು ಹೋದ.

ಮಧ್ಯಾಹ್ನ ಪ್ರಭುಲಿಂಗಪ್ಪನ ಟೆಂಪೋ ಬಂತು. ಎತ್ತುಗಳನ್ನು ಹತ್ತಿಸಿದ್ದೂ ಚೌಡವ್ವನೇ, ಬೇರೆಯವರಿಗೆ ಅವು ಬಗ್ಗಲಿಲ್ಲ. ಹಗ್ಗ ಕೊಡುವ ಹೊತ್ತಿಗೆ ಅವಳ ಕೈ ತಡೆಯಿತು.

"ಸಾವಕಾರ್ರ, ಮೆಣಸಿನಕಾಯಿ ಗೋದಾಮು ಕೊಟ್ಟಿಗಿಗೆ ಎಷ್ಟು ದೂರ ಐತಿ?"

"ಮಗ್ಗಲದಾಗ ಐತ್ರಿ. ಯಾಕ?"

"ಘಾಟಿಗೆ ಇವುಕ್ಕ ಉಸಿರು ಕಟ್ಟತೈತಿ."

"ಕಿಟಕಿ ಅದಾವಬೇ ಯವ್ವಾ."

"ಅದಾವಂತ ನೀವು ಹೇಳ್ತೀರಿ." ಚೌಡವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಟೆಂಪೋ ಹತ್ತಿದಳು.

"ಏ, ನೀ ಎಲ್ಲಿಗೆ ಹೊಂಟಿ?" ಮೈಲಾರಪ್ಪ ಎದ್ದು ಬಂದ.

"ಬ್ಯಾಡಗಿಗೆ. ಕಿಟಕಿ ಎಣಿಸಿ ಬರ್ತೇನಿ. ಮಾತು ಕೊಟ್ಟಾವ ನೀನು, ಹಗ್ಗ ಕೊಡಾಕಿ ನಾನು."

ಪ್ರಭುಲಿಂಗಪ್ಪ ಹಿಂದಿನ ಬಾಗಿಲು ತಾನೇ ಎತ್ತಿ ಚಿಲಕ ಹಾಕಿದ. ಚಿಲಕ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಅವಳು ಒಳಗಿನಿಂದ ಎರಡು ಸಲ ದೂಡಿ ನೋಡಿದಳು.