ಗೀಟು ಎಳೆದ ಒಪ್ಪಿಗೆ ಪತ್ರ

ಕೊರೊನಾ ಬಂದ ಮೇಲೆ ನಮ್ಮೂರಿನ ಹಾಲಿನ ಡೈರಿ ಒಂದು ಹೊತ್ತೂ ಬಾಗಿಲು ಮುಚ್ಚಲಿಲ್ಲ. ಪಾಂಡವಪುರಕ್ಕೆ ಹತ್ತಿರದ ನಾಲೆ ಬಯಲಿನ ಊರು ನಮ್ಮದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮನೆಗೊಬ್ಬರು ಕ್ಯಾನು ಹಿಡಿದು ಬರಲೇಬೇಕು. ಜನ ದೂರ ದೂರ ನಿಲ್ಲಲಿ ಎಂದು ಡೈರಿಯವರು ಅಂಗಳದಲ್ಲಿ ಸುಣ್ಣದಿಂದ ಸುತ್ತು ಬರೆದರು. ನಮ್ಮವರು ಏನು ಮಾಡಿದರು ಗೊತ್ತೇ? ಒಂದೊಂದು ಸುತ್ತಿನೊಳಗೆ ಒಂದೊಂದು ಕ್ಯಾನು ಇಟ್ಟು, ತಾವೆಲ್ಲ ಹೊಂಗೆ ಮರದ ಕೆಳಗೆ ಭುಜಕ್ಕೆ ಭುಜ ತಾಗಿಸಿ ನಿಂತು ಹರಟೆ ಹೊಡೆದರು. ಕ್ಯಾನುಗಳು ಮಾತ್ರ ಚಾಚೂ ತಪ್ಪದೆ ಅಂತರ ಕಾಪಾಡಿದವು. ನಾನೂ ಆ ಮರದ ಕೆಳಗೇ ಇದ್ದೆ, ಸುಳ್ಳು ಯಾಕೆ ಹೇಳಲಿ.

ಡೈರಿಯ ಎದುರಿಗೇ ಶಾಲೆ. ಅದರ ಗೇಟಿಗೆ ಬೀಗ ಬಿದ್ದು ವರ್ಷ ದಾಟಿತ್ತು. ನನ್ನ ಮಗಳು ಒಂದನೇ ತರಗತಿ ಮುಗಿಸುವ ಹೊತ್ತಿಗೆ ಶಾಲೆ ಮುಚ್ಚಿತು. ಆಮೇಲೆ ಅವಳು ಮನೆಯಲ್ಲಿ ಕೂತೇ ಎರಡನೇ ತರಗತಿ ಪಾಸಾದಳು, ಮೂರಕ್ಕೆ ಬಂದಳು. ಪಾಠ ಫೋನಿಗೆ ಬರುತ್ತಿತ್ತು, ಫೋನು ನಮ್ಮ ಯಜಮಾನರ ಜೇಬಿನಲ್ಲಿ ಕಬ್ಬಿನ ಗದ್ದೆಗೆ ಹೋಗುತ್ತಿತ್ತು. ಪರವಾಗಿಲ್ಲ, ಅಕ್ಷರ ಬಲ್ಲ ಮಗು, ಕಲಿತದ್ದು ಎಲ್ಲಿ ಹೋಗುತ್ತದೆ ಎಂದು ನಾನೂ ಸುಮ್ಮನಿದ್ದೆ.

ನಮ್ಮತ್ತೆಗೆ ಓದು ಬಾರದು. ಬಸ್ಸಿನ ಬೋರ್ಡು ಓದಿ ಹೇಳಲು ಮೊಮ್ಮಗಳೇ ಬೇಕು. 'ನಮ್ಮ ಕೂಸು ಓದ್ತದೆ ಕಣಮ್ಮಿ' ಎಂದು ಸ್ಟಾಪಿನಲ್ಲಿ ನಿಂತವರಿಗೆಲ್ಲ ಹೇಳಿಕೊಳ್ಳುವುದು ಅವರಿಗೆ ಒಂದು ಸಂಭ್ರಮ. ಅವರಿಗೆ ಉಬ್ಬಸ. ಒಂದು ದಿನ ಶ್ರೀರಂಗಪಟ್ಟಣದ ಡಾಕ್ಟರ ಹತ್ತಿರ ಮಾತ್ರೆ ಬರೆಸಿಕೊಳ್ಳಲು ಅಜ್ಜಿ ಮೊಮ್ಮಗಳು ಇಬ್ಬರೇ ಹೊರಟರು. ಪಾಂಡವಪುರದ ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸು ತೋರಿಸಿ ಅತ್ತೆ ಕೇಳಿದ್ದಾರೆ, ಮಗಳು ಬೋರ್ಡನ್ನು ಒಂದು ಗಳಿಗೆ ನೋಡಿ 'ಇದೇ ಅಜ್ಜಿ' ಎಂದಿದ್ದಾಳೆ. ಬಸ್ಸು ಊರು ಬಿಟ್ಟ ಮೇಲೆ ಕಂಡಕ್ಟರು ಟಿಕೆಟ್ ಕೇಳಿದಾಗಲೇ ಅದು ಕೆ.ಆರ್. ಪೇಟೆಗೆ ಹೋಗುವ ಬಸ್ಸು ಎಂದು ತಿಳಿದದ್ದು. ಇಳಿದು, ಉರಿಬಿಸಿಲಿನಲ್ಲಿ ಏದುಸಿರು ಬಿಡುತ್ತ ಅತ್ತೆ ವಾಪಸು ನಡೆದುಬಂದರು.

ಮನೆಯಲ್ಲಿ ಅವರು ಮಗುವನ್ನು ಬಿಟ್ಟುಕೊಡಲಿಲ್ಲ. 'ಬೋರ್ಡು ಅಳ್ಸೋಗಿತ್ತು ಬುಡು' ಎಂದರು. ನಾನು ಮಗಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಒಂದನೇ ತರಗತಿಯ ಪುಸ್ತಕ ತೆರೆದು ಕೊಟ್ಟೆ. ಬರೀ ಅಕ್ಷರಗಳನ್ನು ಹೇಳಿದಳು. ಒತ್ತಕ್ಷರ ಬಂದ ಕಡೆ ನಿಂತಳು. ಆಮೇಲೆ ಚಿತ್ರ ನೋಡಿ ಬಾಯಿಗೆ ಬಂದದ್ದನ್ನು ಓದುವವಳ ಹಾಗೆ ಹೇಳತೊಡಗಿದಳು. ಎಷ್ಟು ತಿಂಗಳಿಂದ ಹೀಗೆ ನಮ್ಮನ್ನೆಲ್ಲ ನಂಬಿಸಿಕೊಂಡು ಬಂದಿದ್ದಳೋ! ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಹಾಲಿಗೆ ತೆರೆದ ಬಾಗಿಲು, ಮದುವೆಗೆ ತೆರೆದ ಬಾಗಿಲು ನನ್ನ ಮಗಳಿಗೆ ಮಾತ್ರ ಮುಚ್ಚಿದೆಯಲ್ಲ ಎಂದು ಆ ಗೇಟಿನ ಬೀಗದ ಮೇಲೆ ಬಂತು.

ಅದಾದ ಕೆಲವು ವಾರಕ್ಕೆ ಶಾಲೆ ತೆರೆಯುವ ಸುದ್ದಿ ಬಂತು. ಹೆಡ್‌ಮೇಷ್ಟ್ರು ತಂದೆ ತಾಯಿಯರನ್ನು ಶಾಲೆಯ ಜಗಲಿಗೆ ಕರೆದು ಒಬ್ಬೊಬ್ಬರಿಗೆ ಒಂದು ಕಾಗದ ಹಂಚಿದರು. ಒಪ್ಪಿಗೆ ಪತ್ರ. ಸಹಿ ಮಾಡಿದರೆ ಮಾತ್ರ ಮಗು ಒಳಗೆ. ಬಂದವರಲ್ಲಿ ಅರ್ಧ ಜನ ಕಳಿಸುವುದೇ ಬೇಡ ಎನ್ನುವವರು.

ನಮ್ಮ ಯಜಮಾನರ ದೊಡ್ಡಪ್ಪ ಎದ್ದು ನಿಂತು, 'ಇನ್ನೊಂದ್ ವರ್ಸ ಓದ್ನಿಲ್ಲ ಅಂದ್ರೆ ಏನ್ ಮುಳುಗೋಯ್ತದೆ?' ಎಂದರು.

'ಒಂದಿನ ಡೈರಿಗೆ ಆಲು ಆಕ್ನಿಲ್ಲ ಅಂದ್ರೆ ಏನ್ ಮುಳುಗೋಯ್ತದೆ ಮಾವ?' ಎಂದೆ. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಪ್ಪ ಟವೆಲು ಕೊಡವಿಕೊಂಡು ಕೂತರು.

ಕಾಗದ ಓದಿದೆ. ನನ್ನ ಮಗುವನ್ನು ಸ್ವಇಚ್ಛೆಯಿಂದ ಕಳುಹಿಸುತ್ತಿದ್ದೇನೆ, ಸರಿ. ಮಾಸ್ಕು ಹಾಕಿ ಕಳುಹಿಸುತ್ತೇನೆ, ಸರಿ. ಕೊನೆಯ ಸಾಲು: ಮಗುವಿಗೆ ಏನೇ ತೊಂದರೆಯಾದರೂ ಪೋಷಕರೇ ಪೂರ್ಣ ಹೊಣೆ, ಶಾಲೆ ಹೊಣೆಯಲ್ಲ.

'ಮೇಷ್ಟ್ರೇ, ಕೈ ತೊಳ್ಯೋ ನಲ್ಲೀಲಿ ನೀರ್ ಬತ್ತದಾ?' ಎಂದು ಕೇಳಿದೆ.

'ಮೋಟ್ರು ಕೆಟ್ಟಿದೆ. ಮಾಡಿಸ್ತೀವಮ್ಮ.'

'ಮಾಡ್ಸೋದು ನೀವು, ಕೆಟ್ರೆ ಒಣೆ ನಾನು. ಇದ್ಯಾವ ನ್ಯಾಯ?'

ನಮ್ಮ ಯಜಮಾನರು ಹಿಂದಿನಿಂದ ಸೆರಗು ಜಗ್ಗಿ, 'ಸೈನ್ ಆಕ್ಬುಡೆ, ಎಲ್ರೂ ಆಕ್ತಾವ್ರೆ' ಎಂದರು. ಮಗು ಕಳಿಸುವವರೆಲ್ಲ ಹಾಕುತ್ತಿದ್ದದ್ದು ನಿಜ, ಓದದೆ. ನಾನು ಮೇಷ್ಟ್ರ ಪೆನ್ನನ್ನೇ ಇಸಿದುಕೊಂಡು ಆ ಕೊನೆಯ ಸಾಲಿಗೆ ಎರಡು ಗೀಟು ಎಳೆದೆ. ಕೆಳಗೆ ಬರೆದೆ: 'ಗೇಟಿನ ಒಳಗೆ ಶಾಲೆ ಹೊಣೆ. ಗೇಟಿನ ಹೊರಗೆ ನಾನು ಹೊಣೆ.' ಅದರ ಕೆಳಗೆ ಸಹಿ ಮಾಡಿ ಕೊಟ್ಟೆ. ಮೇಷ್ಟ್ರು ಕಾಗದ ನೋಡಿ ನನಗೇ ಹಿಂದಿರುಗಿಸಿದರು. ಹೀಗೆ ಗೀಚಿದ್ದನ್ನು ತೆಗೆದುಕೊಳ್ಳಲು ಆಗುವುದಿಲ್ಲ ಎಂದರು.

ಸಂಜೆ ಮನೆಯಲ್ಲಿ ರಂಪ. ನನ್ನ ತವರು ನಾಗಮಂಗಲದ ಕಡೆ, ದೇವಲಾಪುರದ ಹತ್ತಿರ, ಮಳೆ ಬಂದರೆ ಬೆಳೆ ಎನ್ನುವ ಬೆದ್ದಲು ಸೀಮೆ. ನನ್ನ ಮೊಂಡುತನಕ್ಕೆಲ್ಲ ಆ ಸೀಮೆಯೇ ಕಾರಣ ಎಂಬುದು ಈ ಮನೆಯ ಹಳೇ ತೀರ್ಮಾನ. ಯಜಮಾನರು ಅದನ್ನೇ ಎತ್ತಿದರು. ಆಮೇಲೆ ದನಿ ತಗ್ಗಿಸಿ, ಮಗು ಶಾಲೆಯಿಂದ ರೋಗ ಹೊತ್ತು ತಂದರೆ ಅವ್ವ ತಡೆಯುತ್ತಾಳಾ ಎಂದು ಕೇಳಿದರು. ರಾಗಿ ಕೇರುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು.

'ನನ್ ಎಸ್ರು ಯೋಳ್ಕೊಂಡು ಆ ಕೂಸ್ನ ಮನೇಲಿ ಕೂರಿಸ್ಬ್ಯಾಡ ಕಣ್ಲಾ. ಬಸ್ನಲ್ಲಿ ಅದು ಎಂಗೆ ತಲೆ ತಗ್ಗಿಸ್ಕೊಂಡ್ ಕುಂತಿತ್ತು ಅಂತ ನೀನ್ ನೋಡಿಲ್ಲ. ನಾ ನೋಡಿವ್ನಿ.'

ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡರು. ಯಜಮಾನರು ಆಮೇಲೆ ಸಹಿಯ ಮಾತು ತೆಗೆಯಲಿಲ್ಲ.

ಶಾಲೆ ತೆರೆದ ದಿನ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನಿನ ಜೊತೆಗೇ ಮಗಳನ್ನು ಕರೆದುಕೊಂಡು ಗೇಟಿನ ಹತ್ತಿರ ಹೋಗಿ ನಿಂತೆ. ಕಾಗದ ಚಾಚಿದೆ. ಮೇಷ್ಟ್ರು ತಲೆ ಅಲ್ಲಾಡಿಸಿದರು. ಗೇಟಿನ ಪಕ್ಕದ ಚಪ್ಪಡಿಯ ಮೇಲೆ ಕೂತು ಶಾಲೆ ಬಿಡುವ ತನಕ ಅವಳಿಗೆ ಒತ್ತಕ್ಷರ ಬರೆಸಿದೆ. ಎರಡನೇ ದಿನವೂ ಅದೇ. ಹೋಗುವವರು ಬರುವವರು ನನ್ನನ್ನು ನೋಡಿ ನಗುತ್ತಿದ್ದರು, ನಗಲಿ ಎಂದು ಬಿಟ್ಟೆ. ಆ ಸಂಜೆ ಮೋಟಾರು ರಿಪೇರಿಯವನು ಬಂದು ಹೋದ.

ಮೂರನೇ ದಿನ ಮೇಷ್ಟ್ರು ಗೇಟಿನ ಒಳಗಿನಿಂದಲೇ ಮಾಸ್ಕು ಕೆಳಗಿಳಿಸಿ ಮಾತಾಡಿದರು. 'ನಲ್ಲೀಲಿ ನೀರು ಬರ್ತಿದೆ. ಆ ಸಾಲು ನಾನೇ ಸೇರಿಸಿದ್ದಮ್ಮ. ನನ್ನ ಮನೇಲೂ ವಯಸ್ಸಾದ ತಾಯಿ ಇದಾರೆ. ನಾಳೆ ಒಂದು ಮಗುಗೆ ಏನಾದ್ರೂ ಆದ್ರೆ ಊರೆಲ್ಲ ನನ್ನ ಮೇಲೆ ಬೀಳುತ್ತೆ. ನಂಗೆ ಭಯ.'

'ನಂಗೂ ಭಯ ಮೇಷ್ಟ್ರೇ,' ಎಂದೆ. 'ನಿಮ್ಗಿಂತ ಒಂದ್ ಕೈ ಜಾಸ್ತೀನೇ. ಅರ್ಧ ನೀವ್ ಇಟ್ಕೊಳಿ, ಅರ್ಧ ನಾನ್ ಇಟ್ಕೋತೀನಿ. ಪೂರ್ತಿ ನನ್ ತಲೆಗೇ ಕಟ್ಟಿದ್ರೆ ಎಂಗೆ?'

ಅವರು ಮಾಸ್ಕು ಮೇಲೆಳೆದುಕೊಂಡರು. ಆಮೇಲೆ ಕಾಗದ ಇಸಿದುಕೊಂಡು, ಗೇಟಿನ ಕಂಬಕ್ಕೆ ಒತ್ತಿ ಹಿಡಿದು, ನಾನು ಬರೆದ ಸಾಲಿನ ಕೆಳಗೆ ತಮ್ಮ ಸಹಿ ಹಾಕಿದರು. ಚಿಲಕ ತೆಗೆದರು. ಬಾ ಮಗು ಎಂದು ಕರೆದರು.

ನನ್ನ ಮಗಳು ಒಂದು ಹೆಜ್ಜೆ ಮುಂದಿಟ್ಟು ತಿರುಗಿ ನನ್ನನ್ನು ನೋಡಿದಳು. ಯಾಕೆ ನಿಂತೆ ಎಂದು ಗದರುವವಳಿದ್ದೆ. ನೋಡಿದರೆ ಅವಳ ಕೈಯನ್ನು ನಾನೇ ಬಿಟ್ಟಿರಲಿಲ್ಲ. ಅವಳೇ ಒಂದೊಂದಾಗಿ ನನ್ನ ಬೆರಳು ಬಿಡಿಸಿಕೊಂಡು ಒಳಗೆ ಹೋದಳು.